ಬಾಣಂತನ ಮುಗಿದ ಮೇಲೆ ಟಾಯ್ಲೆಟ್‌ಗೆ ಹೋಗುವುದೇ ಭಯ: ಇದು ಪೈಲ್ಸಾ? ಆಪರೇಷನ್ ಬೇಕೇ ಬೇಕಾ?

ಪ್ರಶ್ನೆ: ಡಾಕ್ಟರ್, ನನಗೆ 29 ವರ್ಷ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ಎರಡನೇ ಹೆರಿಗೆಯಾಗಿ ಐದು ತಿಂಗಳಾಯ್ತು. ನಾರ್ಮಲ್ ಡೆಲಿವರಿ, ಹೊಲಿಗೆ ಹಾಕಿದ್ದರು. ತವರಿನಲ್ಲಿ ಬಾಣಂತನ ಮಾಡಿಸಿಕೊಂಡೆ. ಎರಡು ತಿಂಗಳಾಗುವ ಹೊತ್ತಿಗೆ ಒಂದು ದಿನ ಮೋಷನ್ ತುಂಬ ಗಟ್ಟಿಯಾಗಿ, ಗಾಜಿನ ಚೂರು ಕೊಯ್ದ ಹಾಗೆ ನೋವಾಯ್ತು. ಆಮೇಲಿಂದ ಪ್ರತಿ ಸಲವೂ ಹಾಗೇ. ಮೇಲೆ ಗೆರೆ ಎಳೆದಂತೆ ಕೆಂಪು ರಕ್ತ. ಹೋಗಿ ಬಂದ ಮೇಲೆ ಎರಡು ಮೂರು ಗಂಟೆ ಉರಿ, ಮಗುವಿಗೆ ಹಾಲು ಕೊಡಲು ಕೂರಲೂ ಆಗುವುದಿಲ್ಲ. ಈಗ ಅಲ್ಲಿ ಸಣ್ಣದೊಂದು ಚರ್ಮದ ಗಂಟು ಕೈಗೆ ಸಿಗುತ್ತದೆ. ಅತ್ತಿಗೆ ಪೈಲ್ಸ್ ಎಂದರು. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದೆ, ನಾಲ್ಕು ದಿನ ಕಡಿಮೆಯಾಗಿ ಮತ್ತೆ ಶುರುವಾಯ್ತು. ಒಂದು ಕ್ಲಿನಿಕ್‌ನಲ್ಲಿ ಸರಿಯಾಗಿ ನೋಡದೆಯೇ ‘ಲೇಸರ್ ಮಾಡಿಸಿ, 60 ಸಾವಿರದ ಪ್ಯಾಕೇಜ್’ ಎಂದರು. ಭಯಕ್ಕೆ ಊಟ ಕಡಿಮೆ ಮಾಡಿದ್ದೇನೆ. ಅಮ್ಮ ಎಲ್ಲಾ ಉಷ್ಣ ಅಂತಾರೆ. ಇದು ಕ್ಯಾನ್ಸರ್ ಆಗುತ್ತಾ? ಔಷಧಿ ತಗೊಂಡರೆ ಹಾಲಿಗೆ ತೊಂದರೆಯಾ? ಗಂಡು ಡಾಕ್ಟರ್ ಮುಂದೆ ತೋರಿಸಲು ನಾಚಿಕೆ. ಮನೆಯವರಿಗೂ ಪೂರ್ತಿ ಹೇಳಿಲ್ಲ.

ಉತ್ತರ: ನಿಮ್ಮ ಪತ್ರ ಓದಿದ ಯಾವ ಸರ್ಜನ್‌ಗಾದರೂ ಮೊದಲು ಹೊಳೆಯುವುದು ಫಿಶರ್, ಅಂದರೆ ಗುದದ್ವಾರದ ಬಾಯಿಯ ಚರ್ಮದಲ್ಲಿ ಆಗುವ ಬಿರುಕು. ಕೊಯ್ದಂಥ ನೋವು, ಆಮೇಲೆ ಗಂಟೆಗಟ್ಟಲೆ ಉರಿ, ಗೆರೆಯಂಥ ರಕ್ತ: ಮೂರೂ ಕೂಡಿದರೆ ಬೇರೇನೋ ಇರುವ ಸಾಧ್ಯತೆ ಕಡಿಮೆ. ಪತ್ರ ನೋಡಿ ಖಚಿತವಾಗಿ ಹೇಳಲು ಬರುವುದಿಲ್ಲ, ಒಮ್ಮೆ ಯಾರಾದರೂ ನೋಡಲೇಬೇಕು. ಆದರೆ ನೀವು ಹೆದರಿರುವಷ್ಟು ದೊಡ್ಡದಲ್ಲ ಇದು. ಮತ್ತು ನಿಮ್ಮ ವಿಷಯದಲ್ಲಿ ಆಪರೇಷನ್‌ಗೆ ಅವಸರ ಮಾಡಬಾರದು ಎನ್ನುವುದಕ್ಕೆ ಬೇರೆಯವರಿಗಿಲ್ಲದ ಒಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮಲ್ಲಿ ಆ ಜಾಗದಲ್ಲಿ ಏನೇ ಆದರೂ ಪೈಲ್ಸ್ ಅಂತಲೇ ಕರೆಯುತ್ತಾರೆ. ಪೈಲ್ಸ್ ಅಂದರೆ ಒಳಗಿನ ರಕ್ತನಾಳಗಳ ಮೆತ್ತೆ ಊದಿಕೊಂಡು ಕೆಳಗೆ ಜಾರುವುದು. ಅದು ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಸುರಿಸುತ್ತದೆ. ತೊಟ್ಟಿಕ್ಕುತ್ತದೆ, ಕೆಲವೊಮ್ಮೆ ಪಿಚಕಾರಿಯಂತೆ ಚಿಮ್ಮುತ್ತದೆ, ಆದರೆ ನೋವಿರುವುದಿಲ್ಲ. ಹೊರಗಿನ ಪೈಲ್ಸ್‌ನಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಾತ್ರ ದಿಢೀರನೆ ನೀಲಿ ಗಂಟು ಎದ್ದು ಭಯಂಕರ ನೋವಾಗುತ್ತದೆ. ಆ ನೋವು ಮೋಷನ್‌ಗೆ ಹೋದರೂ ಹೋಗದಿದ್ದರೂ ಒಂದೇ ಸಮ ಇರುತ್ತದೆ. ನಿಮ್ಮದು ಹಾಗಲ್ಲ. ಹೋದಾಗಲಷ್ಟೇ ಶುರುವಾಗಿ, ಕೆಲವು ಗಂಟೆ ಕಾಡಿ, ಇಳಿಯುತ್ತದೆ.

ಕೈಗೆ ಸಿಗುವ ಆ ಗಂಟು ಪೈಲ್ಸ್ ಅಲ್ಲ ಅನ್ನುವುದು ನನ್ನ ಊಹೆ. ಬಿರುಕು ಆರೆಂಟು ವಾರ ಮಾಯದೇ ಉಳಿದರೆ ಅದರ ಹೊರಬದಿಯ ತುದಿಯಲ್ಲಿ ಚರ್ಮ ಊದಿ ಸಣ್ಣ ಜೋಲಿನ ಹಾಗೆ ನಿಲ್ಲುತ್ತದೆ. ಅದೊಂದು ಗುರುತು ಅಷ್ಟೆ, ಕಾಯಿಲೆ ಅಲ್ಲ. ಬಿರುಕು ಹಳೆಯದಾಗಿದೆ ಎಂದು ತಿಳಿಸುತ್ತದೆ. ಇದನ್ನೇ ತೋರಿಸಿ ‘ಪೈಲ್ಸ್ ಹೊರಗೆ ಬಂದಿದೆ, ಕತ್ತರಿಸಬೇಕು’ ಎಂದು ಹೆದರಿಸುವವರಿದ್ದಾರೆ. ಜೋಲನ್ನು ಕತ್ತರಿಸಿದರೆ ಒಳಗಿನ ಬಿರುಕು ಹೋಗುವುದಿಲ್ಲ.

ಕ್ಯಾನ್ಸರ್ ಪ್ರಶ್ನೆಯನ್ನೂ ಇಲ್ಲೇ ಮುಗಿಸೋಣ. ಫಿಶರ್ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಎಷ್ಟು ವರ್ಷ ಇದ್ದರೂ ಆಗುವುದಿಲ್ಲ. ಅಪಾಯ ಬೇರೆ ಕಡೆ ಇದೆ. ರಕ್ತ ಬಂದಾಗಲೆಲ್ಲ ‘ಅಯ್ಯೋ ಅದೇ ಹಳೇ ಪೈಲ್ಸ್’ ಅಂದುಕೊಂಡು ಸುಮ್ಮನಿರುವವರಲ್ಲಿ ಒಳಗಿನ ಕಾಯಿಲೆ ತಡವಾಗಿ ಗೊತ್ತಾಗುತ್ತದೆ. ವಯಸ್ಸು 45 ದಾಟಿದವರು, ತೂಕ ಇಳಿಯುತ್ತಿರುವವರು, ಮಲದ ಜೊತೆ ಬೆರೆತು ಕಪ್ಪು ಛಾಯೆಯ ರಕ್ತ ಹೋಗುವವರು, ಮೋಷನ್ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾದವರು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದವರು ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಬೇಕಾ ಎಂದು ಕೇಳಬೇಕು. ನಿಮಗೆ ಇದ್ಯಾವುದೂ ಕಾಣುವುದಿಲ್ಲ. ಅಂದಹಾಗೆ, ಕಬ್ಬಿಣದ ಮಾತ್ರೆ ತಗೊಳ್ಳುವವರ ಮಲ ಕಪ್ಪಗಾಗುತ್ತದೆ. ಅದನ್ನು ನೋಡಿ ರಕ್ತ ಎಂದು ಗಾಬರಿಯಾಗಬೇಡಿ.

ಇಷ್ಟು ಸಣ್ಣ ಗಾಯ ಯಾಕೆ ಮಾಯುವುದಿಲ್ಲ?

ಕೈ ಕುಯ್ದುಕೊಂಡರೆ ವಾರದಲ್ಲಿ ಸರಿಹೋಗುತ್ತದೆ. ಇದು ಒಂದು ಸೆಂಟಿಮೀಟರ್ ಆಸುಪಾಸಿನ ಬಿರುಕು, ಮೂರು ತಿಂಗಳಾದರೂ ಹೋಗಿಲ್ಲ. ಕಾರಣ ಗೊತ್ತಾದರೆ ಚಿಕಿತ್ಸೆ ಅರ್ಥವಾಗುವುದು ಸುಲಭ.

ಗುದದ್ವಾರದ ಬಾಯಿಯಿಂದ ಸುಮಾರು ಎರಡು ಸೆಂಟಿಮೀಟರ್ ಒಳಗಿನವರೆಗೆ ಇರುವುದು ತುಂಬ ನರಗಳಿರುವ ತೆಳು ಚರ್ಮ. ಅದಕ್ಕಿಂತ ಮೇಲಿನ ಪೊರೆಗೆ ಕುಯ್ದರೂ ನೋವು ತಿಳಿಯುವುದಿಲ್ಲ. ಪೈಲ್ಸ್ ನೋಯದೆ ಫಿಶರ್ ನೋಯುವುದು ಇದಕ್ಕೇ. ಇನ್ನು ಅಲ್ಲಿ ಎರಡು ಉಂಗುರ ಸ್ನಾಯುಗಳಿವೆ. ಹೊರಗಿನದು ನಮ್ಮ ಮಾತು ಕೇಳುತ್ತದೆ. ಬಸ್ಸಿನಲ್ಲಿದ್ದಾಗ ತಡೆದುಕೊಳ್ಳುವುದು ಅದರಿಂದ. ಒಳಗಿನದು ನಮ್ಮ ಹಿಡಿತದಲ್ಲಿಲ್ಲ. ಬಿರುಕಿನ ನೋವಿಗೆ ಈ ಒಳಗಿನ ಸ್ನಾಯು ಬಿಗಿಯುತ್ತದೆ. ಬಿಗಿದರೆ ಬಿರುಕಿನ ಜಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ರಕ್ತ ಇಲ್ಲದೆ ಗಾಯ ಮಾಯುವುದಿಲ್ಲ. ಅದರಲ್ಲೂ ಹಿಂಭಾಗದ ನಡುಗೆರೆಯಲ್ಲಿ ಮೊದಲೇ ರಕ್ತ ಸಂಚಾರ ಕಡಿಮೆ, ಹಾಗಾಗಿ ಹೆಚ್ಚಿನ ಬಿರುಕುಗಳು ಅಲ್ಲೇ ಆಗುತ್ತವೆ. ಹೋಗಿ ಬಂದ ಮೇಲೆ ಗಂಟೆಗಟ್ಟಲೆ ಕಾಡುವ ನೋವಿದೆಯಲ್ಲ, ಅದರಲ್ಲಿ ದೊಡ್ಡ ಪಾಲು ಗಾಯದ್ದಲ್ಲ, ಈ ಸ್ನಾಯು ಹಿಡಿದುಕೊಳ್ಳುವುದರದ್ದು.

ಇನ್ನೊಂದು ಕಡೆ ಭಯ ಕೆಲಸ ಮಾಡುತ್ತದೆ. ನಾಳೆ ಹೋದರಾಯ್ತು ಎಂದು ತಡೆದರೆ ಮಲದಲ್ಲಿರುವ ನೀರನ್ನು ಕರುಳು ಹೀರುತ್ತಲೇ ಇರುತ್ತದೆ. ಎರಡು ದಿನ ಬಿಟ್ಟು ಹೋದಾಗ ಅದು ಇನ್ನಷ್ಟು ಗಟ್ಟಿ, ಇನ್ನಷ್ಟು ದಪ್ಪ. ಅರ್ಧ ಕೂಡಿಕೊಂಡಿದ್ದ ಬಿರುಕು ಮತ್ತೆ ಬಿಡುತ್ತದೆ. ಊಟ ಕಡಿಮೆ ಮಾಡಿದ್ದೀರಲ್ಲ, ಅದರ ಫಲವೂ ಇದೇ. ಕಡಿಮೆ ತಿಂದರೆ ಮಲ ಮೃದುವಾಗುವುದಿಲ್ಲ, ಸ್ವಲ್ಪವೇ ಬಂದು ಗಟ್ಟಿಯಾಗುತ್ತದೆ. ಜೊತೆಗೆ ಹಾಲೂಡಿಸುವ ತಾಯಿ ಸೊರಗುತ್ತಾಳೆ. ದಯವಿಟ್ಟು ಇವತ್ತಿನಿಂದಲೇ ಹೊಟ್ಟೆ ತುಂಬ ತಿನ್ನಿ.

ಬಾಣಂತನದ ಊಟ, ಉಷ್ಣದ ಮಾತು

ಅಮ್ಮನ ಮಾತನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮ ಕಡೆಯ ಬಾಣಂತನದಲ್ಲಿ ಏನು ಕೊಡುತ್ತಾರೆ ನೋಡಿ. ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ. ಸೊಪ್ಪು ತಿಂದರೆ ಮಗುವಿಗೆ ಹೊಟ್ಟೆ ಕೆಡುತ್ತದೆ, ಹಣ್ಣು ತಿಂದರೆ ಶೀತ, ನೀರು ಜಾಸ್ತಿ ಕುಡಿದರೆ ಹೊಟ್ಟೆ ದಪ್ಪ ಎನ್ನುತ್ತಾರೆ. ಹಾಲಿನಲ್ಲಿ ನೀರು ಹೋಗುತ್ತಿರುವಾಗಲೇ ಕುಡಿಯುವ ನೀರಿಗೆ ಕಡಿವಾಣ. ಅದರ ಮೇಲೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ, ಎರಡೂ ಹೊಟ್ಟೆ ಕಟ್ಟಿಸುವಂಥವು. ಜೊತೆಗೆ ಹೊಲಿಗೆ ಬಿಟ್ಟೀತು ಎಂಬ ಭಯಕ್ಕೆ ಮೋಷನ್ ತಡೆಯುವುದು. ಇಷ್ಟೆಲ್ಲ ಕೂಡಿದ ಮೇಲೆ ಬಿರುಕು ಬರದಿದ್ದರೆ ಆಶ್ಚರ್ಯ. ನನ್ನ ಒಪಿಡಿಗೆ ಫಿಶರ್ ಅಂತ ಬರುವ ಎಳೆ ಬಾಣಂತಿಯರು ಕುರ್ಚಿಯ ಅಂಚಿನಲ್ಲಿ ಒಂದು ಕಡೆಗೆ ವಾಲಿ ಕೂರುತ್ತಾರೆ. ಏನು ಊಟ ಎಂದು ಕೇಳಿದರೆ ಉತ್ತರ ಪಕ್ಕದಲ್ಲಿ ನಿಂತ ತಾಯಿಯಿಂದ ಬರುತ್ತದೆ. ಆ ತಾಯಂದಿರು ಪ್ರೀತಿಯಿಂದಲೇ ಮಾಡಿರುತ್ತಾರೆ. ಅವರಿಗೂ ಇದನ್ನು ತಿಳಿಸಬೇಕು ಅಷ್ಟೆ.

ಉಷ್ಣದಿಂದ ಚರ್ಮ ಬಿರಿಯುವುದಿಲ್ಲ. ಬದನೆಕಾಯಿ, ಕೋಳಿ, ಮೊಟ್ಟೆ ಇವು ಫಿಶರ್ ತರುವುದಿಲ್ಲ. ಖಾರವೂ ಗಾಯ ಮಾಡುವುದಿಲ್ಲ, ಆದರೆ ಇರುವ ಗಾಯದ ಉರಿ ಹೆಚ್ಚಿಸಬಹುದು. ಹಾಗಾಗಿ ಒಂದೆರಡು ತಿಂಗಳು ಹಸಿಮೆಣಸಿನಕಾಯಿ, ಖಾರದ ಪುಡಿ ಕಡಿಮೆ ಇರಲಿ. ಮಜ್ಜಿಗೆ ಕುಡಿಯಿರಿ, ಒಳ್ಳೆಯದು. ಹೊಟ್ಟೆಗೆ ನೀರಿನಂಶ ಸೇರುತ್ತದೆ ಎಂಬ ಕಾರಣಕ್ಕೆ, ಉಷ್ಣ ಇಳಿಯುತ್ತದೆ ಎಂದಲ್ಲ.

ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ಸರ್ಕಾರದ ಕಾರ್ಯಕ್ರಮದಲ್ಲೇ ಹೆರಿಗೆಯ ನಂತರ 180 ದಿನ, ದಿನಕ್ಕೊಂದು, 60 ಮಿಲಿಗ್ರಾಂ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಬಿರುಕಿನಿಂದ ರಕ್ತ ಬೇರೆ ಹೋಗುತ್ತಿದೆ. ತುಂಬ ಹೊಟ್ಟೆ ಕಟ್ಟುತ್ತಿದ್ದರೆ ನಿಮ್ಮ ಹೆರಿಗೆ ಡಾಕ್ಟರ್ ಹತ್ತಿರ ಹೇಳಿ, ಬೇರೆ ಬಗೆಯ ಕಬ್ಬಿಣಕ್ಕೆ ಬದಲಿಸಬಹುದು. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆ ನುಂಗಬೇಡಿ, ಮಧ್ಯೆ ಎರಡು ಗಂಟೆಯಾದರೂ ಇರಲಿ.

ಮೊದಲು ಮಾಡಬೇಕಾದ್ದು

ಮಲ ಮೃದುವಾಗಬೇಕು. ಇದಿಲ್ಲದೆ ಯಾವ ಮುಲಾಮೂ ಯಾವ ಆಪರೇಷನ್ನೂ ಹೆಚ್ಚು ದಿನ ಉಳಿಯುವುದಿಲ್ಲ. ಮೃದು ಎಂದರೆ ನೀರು ನೀರಾಗಿ ಅಲ್ಲ, ಮಾಗಿದ ಬಾಳೆಹಣ್ಣಿನಷ್ಟು. ಭೇದಿಯಾದರೂ ಬಿರುಕು ಕೆರಳುತ್ತದೆ. ಅದಕ್ಕೇ ಹರಳೆಣ್ಣೆ, ಸೋನಾಮುಖಿ ಪುಡಿ, ‘ಒಂದೇ ರಾತ್ರಿಯಲ್ಲಿ ಹೊಟ್ಟೆ ಕ್ಲೀನ್’ ಚೂರ್ಣಗಳ ಸಹವಾಸ ಬೇಡ ಎನ್ನುತ್ತೇನೆ.

ದಿನಕ್ಕೆ 25ರಿಂದ 30 ಗ್ರಾಂ ನಾರು ಹೊಟ್ಟೆಗೆ ಹೋಗಬೇಕು. ತುಮಕೂರಿನವರಿಗೆ ಇದನ್ನು ಹೇಳಿಕೊಡಬೇಕಾ! 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಆಸುಪಾಸು. ಬಾಣಂತಿಗೆ ಮುದ್ದೆ ಬೇಡ ಎಂದು ನಿಲ್ಲಿಸಿದ್ದರೆ ಮತ್ತೆ ಶುರು ಮಾಡಿ. ಜೊತೆಗೆ ಬಸ್ಸಾರು, ಸೊಪ್ಪಿನ ಪಲ್ಯ, ಹೆಸರುಕಾಳು, ಅವರೆಕಾಳು. ಸೀಬೆಹಣ್ಣು, ಮಾಗಿದ ಪರಂಗಿ ತಿನ್ನಬಹುದು. ತಾಯಿ ಹಣ್ಣು ತಿಂದರೆ ಮಗುವಿಗೆ ಶೀತವಾಗುವುದಿಲ್ಲ. ನಾರನ್ನು ಒಂದೇ ದಿನ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಒಂದು ವಾರ ಹತ್ತು ದಿನದಲ್ಲಿ ನಿಧಾನವಾಗಿ ಹೆಚ್ಚಿಸಿ. ನೀರು ಬಾಯಾರಿಕೆ ಆಗುವ ಮೊದಲೇ ಕುಡಿಯಿರಿ. ಮಗುವಿಗೆ ಹಾಲು ಕೊಡಲು ಕೂತಾಗೆಲ್ಲ ಪಕ್ಕದಲ್ಲಿ ಒಂದು ಚೊಂಬು ನೀರಿರಲಿ.

ಊಟದಲ್ಲಿ ಸಾಲದಿದ್ದರೆ ಇಸಬ್ಗೋಲ್. ರಾತ್ರಿ ಎರಡು ಟೀ ಚಮಚ, ದೊಡ್ಡ ಲೋಟ ತುಂಬ ನೀರಿಗೆ ಹಾಕಿ, ಗಟ್ಟಿಯಾಗಲು ಬಿಡದೆ ಕೂಡಲೇ ಕುಡಿಯಬೇಕು. ಮೇಲೆ ಇನ್ನೊಂದು ಲೋಟ ನೀರು. ಒಣ ಪುಡಿ ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿಯುವವರಿದ್ದಾರೆ. ಹಾಗೆ ಮಾಡಿದರೆ ಅದೇ ಒಳಗೆ ಕಟ್ಟಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಲ್ಯಾಕ್ಟುಲೋಸ್ ಸಿರಪ್, ಇಲ್ಲವೇ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಡಾಕ್ಟರ್ ಬರೆದುಕೊಡುತ್ತಾರೆ. ಇವು ಕರುಳಿನಲ್ಲೇ ಕೆಲಸ ಮುಗಿಸುತ್ತವೆ, ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ಹಾಲೂಡಿಸುವವರು ಧೈರ್ಯವಾಗಿ ತಗೊಳ್ಳಬಹುದು. ಗಾಯ ಮಾಯ್ದ ಮೇಲೂ ನಾರಿನ ಊಟ ಬಿಡಬೇಡಿ. ಫಿಶರ್ ಮರುಕಳಿಸುವುದು ಹೆಚ್ಚಾಗಿ ಇಲ್ಲೇ: ನೋವು ಹೋದ ತಿಂಗಳಿಗೆ ಎಲ್ಲ ಮರೆತುಹೋಗಿರುತ್ತದೆ.

ಎರಡನೆಯದು ಬಿಸಿನೀರಿನ ಟಬ್. ಅಗಲದ ಪ್ಲಾಸ್ಟಿಕ್ ಟಬ್‌ನಲ್ಲಿ, ಮೊಣಕೈ ಮುಟ್ಟಿಸಿದರೆ ಹಿತ ಅನಿಸುವಷ್ಟು ಬಿಸಿ ನೀರು ಹಾಕಿ 10ರಿಂದ 15 ನಿಮಿಷ ಕೂರಬೇಕು. ದಿನಕ್ಕೆ ಎರಡು ಮೂರು ಸಲ, ಮೋಷನ್ ಆದ ಕೂಡಲೇ ಒಂದು ಸಲ ತಪ್ಪದೆ. ಆ ಬೆಚ್ಚಗಿಗೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ಇಳಿಯುತ್ತದೆ. ಡೆಟಾಲ್ ಬೇಡ, ನೇರಳೆ ಹರಳಿನ ಪುಡಿ ಬೇಡ, ಉಪ್ಪೂ ಬೇಕಿಲ್ಲ. ಬಾಣಂತಿ ಸ್ನಾನದಲ್ಲಿ ಸುಡುಸುಡು ನೀರು ಹೊಯ್ಯುತ್ತಾರಲ್ಲ, ಅದನ್ನು ಇಲ್ಲಿ ಮಾಡಬೇಡಿ. ಆ ಜಾಗದ ಚರ್ಮ ಬೊಬ್ಬೆ ಬಂದು ಇನ್ನೊಂದು ಕಷ್ಟ ಶುರುವಾಗುತ್ತದೆ. ಆಮೇಲೆ ಉಜ್ಜದೆ ಮೆತ್ತನೆಯ ಬಟ್ಟೆ ಒತ್ತಿ ಒರೆಸಿ.

ಒತ್ತಡ ಬಂದಾಗ ಹೋಗಿ. ಮಗು ಅಳುತ್ತಿದ್ದರೆ ಮನೆಯಲ್ಲಿ ಯಾರಿಗಾದರೂ ಕೊಟ್ಟು ಹೋಗಿ. ಐದು ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ, ತಿಣುಕಬೇಡಿ, ಮೊಬೈಲ್ ಹೊರಗಿರಲಿ. ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಪುಟ್ಟ ಸ್ಟೂಲ್ ಇಟ್ಟುಕೊಳ್ಳಿ, ಮಂಡಿ ಮೇಲೆ ಬಂದರೆ ಸಲೀಸು. ಜೆಟ್ ಪೈಪನ್ನು ಜೋರಾಗಿ ಬಿಡಬೇಡಿ, ಸೋಪು ಹಚ್ಚಬೇಡಿ.

ನೋವಿಗೆ ಪ್ಯಾರಾಸಿಟಮಾಲ್, ಬೇಕಾದರೆ ಐಬುಪ್ರೊಫೇನ್ ಹಾಲೂಡಿಸುವಾಗಲೂ ತಗೊಳ್ಳಬಹುದು. ಟ್ರಮಡಾಲ್, ಕೊಡೀನ್ ಇರುವ ಮಾತ್ರೆ ಬೇಡ. ಹೊಟ್ಟೆ ಕಟ್ಟುತ್ತದೆ, ಮಗುವಿಗೂ ಮಂಪರು ಬರಬಹುದು. ಕೂರಲು ಆಗದ ಹೊತ್ತಿನಲ್ಲಿ ಪಕ್ಕಕ್ಕೆ ಮಲಗಿ ಹಾಲು ಕೊಡಿ.

ಮುಲಾಮು: ಯಾವುದು, ಎಷ್ಟು ದಿನ

ಅಂಗಡಿಯಲ್ಲಿ ಕೊಟ್ಟ ಟ್ಯೂಬ್ ನಾಲ್ಕು ದಿನ ಕೆಲಸ ಮಾಡಿ ನಿಂತಿತು ಎಂದಿರಿ. ಹಾಗೆ ಕೇಳಿದವರಿಗೆಲ್ಲ ಕೊಡುವ ಟ್ಯೂಬ್‌ಗಳಲ್ಲಿ ಸಾಮಾನ್ಯವಾಗಿ ಮರಗಟ್ಟಿಸುವ ಲಿಗ್ನೋಕೇನ್ ಇರುತ್ತದೆ, ಹಲವುಗಳಲ್ಲಿ ಸ್ಟೀರಾಯ್ಡ್ ಕೂಡ. ಜೋಮು ಹಿಡಿಸುತ್ತದೆ, ಊತ ಇಳಿಸುತ್ತದೆ, ಆದರೆ ಬಿಗಿದ ಸ್ನಾಯುವನ್ನು ಮುಟ್ಟುವುದೇ ಇಲ್ಲ. ಸ್ಟೀರಾಯ್ಡ್ ಇರುವುದನ್ನು ಒಂದು ವಾರ ದಾಟಿ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗಿ ಬಿರುಕು ಇನ್ನೂ ಸುಲಭವಾಗಿ ಬಿಡುತ್ತದೆ. ಟ್ಯೂಬಿನ ಹಿಂಬದಿ ಓದಿ, ಇಲ್ಲವೇ ಡಾಕ್ಟರ್‌ಗೆ ಟ್ಯೂಬನ್ನೇ ತೋರಿಸಿ. ಬರೀ ಲಿಗ್ನೋಕೇನ್ ಜೆಲ್ಲಿ ಆದರೆ ಅಡ್ಡಿಯಿಲ್ಲ. ಹೋಗುವ ಐದು ಹತ್ತು ನಿಮಿಷ ಮೊದಲು ಹಚ್ಚಿಕೊಂಡರೆ ಭಯ ಅರ್ಧ ಕಡಿಮೆಯಾಗುತ್ತದೆ.

ಸ್ನಾಯು ಸಡಿಲಿಸುವ ಮುಲಾಮುಗಳೇ ಬೇರೆ. ಸಾಮಾನ್ಯವಾಗಿ ನಾವು ಬರೆಯುವುದು 2 ಪರ್ಸೆಂಟ್ ಡಿಲ್ಟಿಯಾಜೆಮ್. ನಿಫೆಡಿಪೀನ್ ಮತ್ತು ಲಿಗ್ನೋಕೇನ್ ಸೇರಿದ್ದೂ ಸಿಗುತ್ತದೆ. ಡಿಲ್ಟಿಯಾಜೆಮ್, ನಿಫೆಡಿಪೀನ್ ಎರಡೂ ಮೂಲತಃ ಬಿಪಿಯ ಔಷಧಿಗಳು. ನೆತ್ತರಿಗೆ ದಾರಿ ಬಿಡಿಸುವ ಗುಣವನ್ನೇ ಇಲ್ಲಿ ಬಳಸುತ್ತೇವೆ. ಉಗುರು ಕತ್ತರಿಸಿದ ಬೆರಳಿನಲ್ಲಿ ಬಟಾಣಿ ಕಾಳಿನಷ್ಟು ತಗೊಂಡು ಗುದದ್ವಾರದ ಬಾಯಿಯ ಸುತ್ತ ಮತ್ತು ಸ್ವಲ್ಪ ಒಳಗೆ ಹಚ್ಚಬೇಕು. ಆಳಕ್ಕೆ ಹೋಗಬೇಕಿಲ್ಲ. ದಿನಕ್ಕೆ ಎರಡು ಮೂರು ಸಲ, ಆರರಿಂದ ಎಂಟು ವಾರ. ಬಹಳ ಜನ ಇಲ್ಲೇ ಎಡವುತ್ತಾರೆ. ಎರಡು ವಾರಕ್ಕೆ ನೋವು ಇಳಿಯುತ್ತದೆ, ಟ್ಯೂಬ್ ಮೂಲೆಗೆ ಹೋಗುತ್ತದೆ. ಒಳಗೆ ಗಾಯ ಇನ್ನೂ ಕೂಡಿರುವುದಿಲ್ಲ. ಪೂರ್ತಿ ಹಚ್ಚಿದವರಲ್ಲಿ ಮೂರರಲ್ಲಿ ಇಬ್ಬರಿಗೆ ಹತ್ತಿರ ಹತ್ತಿರ ವಾಸಿಯಾಗುತ್ತದೆ. ಕೆಲವರಿಗೆ ತುರಿಕೆ, ಸ್ವಲ್ಪ ತಲೆನೋವು ಬರಬಹುದು. ಗ್ಲಿಸೆರಿಲ್ ಟ್ರೈನೈಟ್ರೇಟ್ ಎಂಬ ಇನ್ನೊಂದು ಮುಲಾಮಿದೆ. ಅದು ನಾಲ್ಕರಲ್ಲಿ ಒಬ್ಬರಿಗಾದರೂ ತಲೆ ಸಿಡಿಯುವಂತೆ ಮಾಡುತ್ತದೆ, ಹಾಗಾಗಿ ನನ್ನ ಮೊದಲ ಆಯ್ಕೆ ಅದಲ್ಲ.

ಹಾಲಿನ ವಿಷಯ: ಹಚ್ಚಿದ ಡಿಲ್ಟಿಯಾಜೆಮ್‌ನಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪ, ಅದರಲ್ಲಿ ಹಾಲಿಗೆ ಬರುವುದು ಇನ್ನೂ ಸ್ವಲ್ಪ. ಸಾಮಾನ್ಯವಾಗಿ ಹಾಲೂಡಿಸುತ್ತಲೇ ಬಳಸಬಹುದು. ಆದರೂ ಅಂಗಡಿಯಿಂದ ನೇರ ತರಬೇಡಿ. ನಿಮ್ಮ ಬಿಪಿ ನೋಡಿ, ಮಗು ಅವಧಿಗೆ ಮೊದಲೇ ಹುಟ್ಟಿದ್ದರೆ ಅದನ್ನೂ ಕೇಳಿ, ಡಾಕ್ಟರೇ ಬರೆದುಕೊಡಲಿ. ಹಚ್ಚಿದ ಮೇಲೆ ಸೋಪಿನಿಂದ ಕೈ ತೊಳೆದು ಮಗುವನ್ನು ಎತ್ತಿಕೊಳ್ಳಿ.

ಆಪರೇಷನ್, ಲೇಸರ್, ಮತ್ತು ಹೆರಿಗೆಯಾದವರ ಲೆಕ್ಕ

ಮುಲಾಮಿನಿಂದ ಹೋಗದ ಫಿಶರ್‌ಗೆ ಒಳ್ಳೆಯ ಆಪರೇಷನ್ ಇದೆ. ಲ್ಯಾಟರಲ್ ಸ್ಫಿಂಕ್ಟೆರಾಟಮಿ ಎನ್ನುತ್ತೇವೆ. ಬಿರುಕನ್ನು ಮುಟ್ಟದೆ, ಪಕ್ಕದಲ್ಲಿ ಒಳ ಸ್ನಾಯುವಿನ ಸ್ವಲ್ಪ ಭಾಗವನ್ನು ಕತ್ತರಿಸಿ ಬಿಗಿತ ಇಳಿಸುವುದು. ಕಾಲು ಗಂಟೆಯ ಕೆಲಸ, ಬಹುಪಾಲು ಅದೇ ದಿನ ಮನೆಗೆ. ನೂರರಲ್ಲಿ 90ಕ್ಕಿಂತ ಹೆಚ್ಚು ಜನರಿಗೆ ವಾಸಿಯಾಗುತ್ತದೆ, ನೋವು ಕೆಲವೇ ದಿನದಲ್ಲಿ ಹೋಗುತ್ತದೆ. ತಿಂಗಳುಗಟ್ಟಲೆ ನರಳಿದ ಗಂಡಸರು ಮರುವಾರ ನಗುತ್ತಾ ಬರುವುದನ್ನು ನೋಡುವುದು ನನಗೂ ಖುಷಿ.

ಆದರೆ ಕತ್ತರಿಸಿದ ಸ್ನಾಯು ಮತ್ತೆ ಮೊದಲಿನಂತಾಗುವುದಿಲ್ಲ. ಕೆಲವರಿಗೆ ಗ್ಯಾಸ್ ತಡೆಯಲಾಗುವುದಿಲ್ಲ, ಒಳಬಟ್ಟೆಗೆ ಕಲೆಯಾಗುತ್ತದೆ. ಹೆಚ್ಚಿನವರಲ್ಲಿ ತಾತ್ಕಾಲಿಕ, ಕೆಲವರಲ್ಲಿ ಉಳಿದುಬಿಡುತ್ತದೆ. ಮೊದಲೇ ಹೇಳಿದ ನಿಮ್ಮ ಕಾರಣ ಇಲ್ಲಿ ಬರುತ್ತದೆ. ಹೆಂಗಸರಲ್ಲಿ ಈ ಸ್ನಾಯುವಿನ ಉದ್ದ ಮೊದಲೇ ಕಡಿಮೆ. ನಾರ್ಮಲ್ ಹೆರಿಗೆಯಲ್ಲಿ, ಅದರಲ್ಲೂ ಹರಿದು ಹೊಲಿಗೆ ಬಿದ್ದವರಲ್ಲಿ, ಸ್ನಾಯುವಿಗೆ ಹೊರಗೆ ಕಾಣದ ಪೆಟ್ಟು ಬಿದ್ದಿರಬಹುದು. ಇನ್ನೂ ಒಂದು: ಹೆರಿಗೆಯ ನಂತರದ ಬಿರುಕು ಅನೇಕರಲ್ಲಿ ಮುಂಭಾಗದಲ್ಲಿರುತ್ತದೆ, ಅವರಲ್ಲಿ ಸ್ನಾಯು ಅಷ್ಟು ಬಿಗಿದಿರುವುದೂ ಇಲ್ಲ. ಬಿಗಿಯಿಲ್ಲದ ಸ್ನಾಯುವನ್ನು ಕತ್ತರಿಸಿದರೆ ಲಾಭ ಕಡಿಮೆ, ನಷ್ಟ ಜಾಸ್ತಿ. ಅದಕ್ಕೇ ನಿಮ್ಮಂಥವರಿಗೆ ಮೊದಲು ಮುಲಾಮು ಪೂರ್ತಿ ನಡೆಯಬೇಕು. ಅದು ಸೋತು ಆಪರೇಷನ್ ಮಾತು ಬಂದರೆ, ಗುದದ್ವಾರದ ಒಳಗಿನ ಅಲ್ಟ್ರಾಸೌಂಡ್ ಮಾಡಿ ಸ್ನಾಯು ಸರಿಯಿದೆಯೇ ಎಂದು ನೋಡಿಸಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಇರುತ್ತದೆ. ಸ್ನಾಯು ಕತ್ತರಿಸದ ದಾರಿಗಳೂ ಇವೆ. ಬೊಟಾಕ್ಸ್ ಇಂಜೆಕ್ಷನ್ ಸುಮಾರು ಮೂರು ತಿಂಗಳು ಸ್ನಾಯುವನ್ನು ಸಡಿಲವಾಗಿಡುತ್ತದೆ, ಆ ಹೊತ್ತಿನಲ್ಲಿ ಗಾಯ ಕೂಡಬಹುದು. ಗ್ಯಾಸ್ ತಡೆಯುವುದು ಕಷ್ಟವಾದರೂ ಔಷಧಿಯ ಪ್ರಭಾವ ಇಳಿದಂತೆ ಅದೂ ಸರಿಹೋಗುತ್ತದೆ. ಬೆಲೆ ಹೆಚ್ಚು, ಮರುಕಳಿಸುವುದೂ ಆಪರೇಷನ್‌ಗಿಂತ ಹೆಚ್ಚು. ಪಕ್ಕದ ಒಳ್ಳೆಯ ಚರ್ಮವನ್ನು ಸರಿಸಿ ಬಿರುಕಿನ ಮೇಲೆ ಹೊಲಿಯುವ ವಿಧಾನವೂ ಇದೆ.

ಲೇಸರ್ ಒಂದು ಸಲಕರಣೆ ಅಷ್ಟೆ. ಫಿಶರ್‌ಗೆ ಲೇಸರ್ ಎನ್ನುವ ಕಡೆ ಕೇಳಬೇಕಾದ್ದು ಇಷ್ಟು: ಲೇಸರ್‌ನಲ್ಲಿ ಏನು ಕತ್ತರಿಸುತ್ತೀರಿ? ಸ್ನಾಯುವನ್ನಾ, ಎಷ್ಟು? ಹೆರಿಗೆಯಾದವಳು ಎಂಬುದನ್ನು ಲೆಕ್ಕಕ್ಕೆ ತಗೊಂಡಿದ್ದೀರಾ? ಮುಲಾಮಿನ ಪೂರ್ತಿ ಕೋರ್ಸ್ ಯಾಕೆ ಬೇಡ? ಉತ್ತರ ಸಿಗದಿದ್ದರೆ ಎದ್ದು ಬನ್ನಿ. ಸ್ನಾಯುವನ್ನು ಲೇಸರ್‌ನಿಂದ ಕತ್ತರಿಸಿದರೂ ಕತ್ತರಿಸಿದ್ದೇ, ಅಪಾಯ ಬದಲಾಗುವುದಿಲ್ಲ. ಸರಿಯಾಗಿ ನೋಡದೆ ಪ್ಯಾಕೇಜ್ ಹೇಳಿದ್ದು ನನಗಂತೂ ಸರಿ ಕಾಣಲಿಲ್ಲ. ಅರಿವಳಿಕೆ ಕೊಟ್ಟು ಬೆರಳಿನಿಂದ ಜೋರಾಗಿ ಹಿಗ್ಗಿಸುವ ಹಳೆಯ ವಿಧಾನ ಈಗಲೂ ಅಲ್ಲಲ್ಲಿ ನಡೆಯುತ್ತದೆ. ಅದರಲ್ಲಿ ಸ್ನಾಯು ಎಲ್ಲೆಲ್ಲಿ ಹರಿಯುತ್ತದೆ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ, ನೀವು ಒಪ್ಪಬೇಡಿ. ‘ಒಂದೇ ಇಂಜೆಕ್ಷನ್, ಗ್ಯಾರಂಟಿ’ ಬೋರ್ಡಿನವರು ಹಾಕುವ ಸುಡುವ ಔಷಧಿಯಿಂದ ದ್ವಾರವೇ ಕಿರಿದಾಗಿ ನಮ್ಮಲ್ಲಿಗೆ ಬರುವವರಿದ್ದಾರೆ. ಆಯುರ್ವೇದದ ಕ್ಷಾರಸೂತ್ರ, ಅಂದರೆ ಔಷಧಿ ಲೇಪಿಸಿದ ದಾರ, ಫಿಸ್ತುಲಾಕ್ಕೆ (ಗುದದ್ವಾರದ ಒಳಗಿನಿಂದ ಹೊರಗಿನ ಚರ್ಮಕ್ಕೆ ಆಗುವ ಕೀವಿನ ಸುರಂಗ) ಬಳಸುವ ಚಿಕಿತ್ಸೆ, ತರಬೇತಾದವರ ಕೈಯಲ್ಲಿ ಅದಕ್ಕೆ ಬೆಲೆಯಿದೆ. ಆದರೆ ನಿಮ್ಮದು ಫಿಸ್ತುಲಾ ಅಲ್ಲ.

ತೋರಿಸುವ ನಾಚಿಕೆ

ಪರೀಕ್ಷೆ ಹೇಗಿರುತ್ತದೆ ಎಂದು ಗೊತ್ತಾದರೆ ಭಯ ಕಡಿಮೆಯಾಗುತ್ತದೆ. ಎಡಮಗ್ಗುಲಿಗೆ ಮಲಗಿ ಮಂಡಿ ಮಡಚಿಕೊಳ್ಳುತ್ತೀರಿ. ಮೇಲೆ ಬೆಡ್‌ಶೀಟ್ ಹೊದಿಸಿರುತ್ತಾರೆ, ನೋಡುವಷ್ಟು ಜಾಗ ಬಿಟ್ಟು ಉಳಿದದ್ದು ಮುಚ್ಚಿರುತ್ತದೆ. ಡಾಕ್ಟರ್ ಎರಡು ಬೆರಳಲ್ಲಿ ಮೆಲ್ಲಗೆ ಚರ್ಮ ಬಿಡಿಸಿ ಟಾರ್ಚ್ ಹಾಕಿ ನೋಡುತ್ತಾರೆ. ಬಿರುಕು ಅಲ್ಲೇ ಕಾಣುತ್ತದೆ. ಒಂದು ನಿಮಿಷ. ಇಷ್ಟು ನೋವಿರುವಾಗ ಮೊದಲ ದಿನ ಬೆರಳು ಹಾಕುವುದು, ಪ್ರಾಕ್ಟೋಸ್ಕೋಪ್ (ಒಳಗೆ ನೋಡುವ ಸಣ್ಣ ಕೊಳವೆ) ಹಾಕುವುದು ಬೇಕಿಲ್ಲ. ‘ಒಳಗೆ ಏನೂ ಹಾಕಬೇಡಿ’ ಎಂದು ಹೇಳುವ ಹಕ್ಕು ನಿಮಗಿದೆ. ನರ್ಸ್ ಜೊತೆಗಿರಲಿ ಎಂದೂ ಕೇಳಬಹುದು. ಲೇಡಿ ಸರ್ಜನ್ ಬೇಕೆಂದರೆ ಜಿಲ್ಲಾಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಯಾವ ದಿನ ಇರುತ್ತಾರೆ ವಿಚಾರಿಸಿ. ಅದೂ ಆಗದಿದ್ದರೆ ನಿಮ್ಮ ಹೆರಿಗೆ ಡಾಕ್ಟರ್‌ಗೇ ತೋರಿಸಿ, ಫಿಶರ್ ಗುರುತಿಸಿ ಮುಲಾಮು ಬರೆಯಲು ಅವರಿಗೆ ಬರುತ್ತದೆ. ಮುಂದೆ ಆಪರೇಷನ್ನೇ ಬೇಕಾದರೂ ಸರ್ಕಾರಿ ಜಿಲ್ಲಾಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ಕೇಳಿ. 60 ಸಾವಿರ ಹೊಂದಿಸಲು ಒಡವೆ ಇಡಬೇಕಿಲ್ಲ.

ಯಜಮಾನರಿಗೆ ಪೂರ್ತಿ ಹೇಳಿಬಿಡಿ. ದಿನಕ್ಕೆ ಮೂರು ಸಲ ಟಬ್‌ನಲ್ಲಿ ಕೂರಬೇಕು ಎಂದರೆ ಆ ಹೊತ್ತಿಗೆ ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕು. ಗುಟ್ಟಾಗಿಟ್ಟುಕೊಂಡು ಈ ಚಿಕಿತ್ಸೆ ನಡೆಯುವುದಿಲ್ಲ.

ಈ ಮಧ್ಯೆ ಜ್ವರ ಬಂದು, ಆ ಜಾಗ ಊದಿ, ರಾತ್ರಿಯೆಲ್ಲ ಪಟಪಟ ಸಿಡಿಯುವ ನೋವಾದರೆ ಅದು ಕೀವು ತುಂಬಿರುವ ಲಕ್ಷಣ, ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಬಿರುಕು ನಡುಗೆರೆ ಬಿಟ್ಟು ಪಕ್ಕದಲ್ಲಿದ್ದರೆ, ಒಂದಕ್ಕಿಂತ ಹೆಚ್ಚಿದ್ದರೆ, ಎಂಟು ವಾರ ಸರಿಯಾಗಿ ಹಚ್ಚಿದರೂ ಮಾಯದಿದ್ದರೆ ಕ್ಷಯ, ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಕಾಯಿಲೆಯಂಥವು ಇವೆಯೇ ಎಂದು ಸರ್ಜನ್ ಹುಡುಕುತ್ತಾರೆ. ಹೆಚ್ಚಿನವರಿಗೆ ಅಲ್ಲಿವರೆಗೆ ಹೋಗುವುದೇ ಇಲ್ಲ.

ಡಾಕ್ಟರ್ ಹತ್ತಿರ ಹೋಗುವಾಗ ನೀವು ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್, ಹಚ್ಚಿದ ಟ್ಯೂಬ್, ಹೆರಿಗೆಯ ಡಿಸ್ಚಾರ್ಜ್ ಸಮರಿ ಮೂರನ್ನೂ ತಗೊಂಡು ಹೋಗಿ. ಹೆರಿಗೆಯಲ್ಲಿ ಎಷ್ಟು ಹರಿದಿತ್ತು, ಸ್ನಾಯುವರೆಗೆ ಹೋಗಿತ್ತಾ ಎಂಬುದು ಆ ಸಮರಿಯಲ್ಲಿ ಬರೆದಿರುತ್ತಾರೆ. ಹೆರಿಗೆಯ ನಂತರ ಯಾವತ್ತಾದರೂ ಗ್ಯಾಸೋ ಮೋಷನ್ನೋ ತಿಳಿಯದೇ ಹೋಗಿದ್ದರೆ, ಅವರು ಕೇಳದಿದ್ದರೂ ನೀವೇ ಹೇಳಿ. ಮುಂದೆ ಆ ಸ್ನಾಯುವನ್ನು ಮುಟ್ಟಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಆ ಒಂದು ಮಾತು ಬೇಕಾಗುತ್ತದೆ.